ರಾಜನ ಮುಖವಿಲ್ಲದ ತಾಮ್ರದ ಪೆನ್ನಿ: ಗಣಿ ಕಂಪನಿಯ ಬಿಲ್ಲೆಯನ್ನು ಜನ ಹಣವೆಂದು ಒಪ್ಪಿದ್ದು ಹೇಗೆ?

ತುಂಗಾತೀರ ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯ ಕಡೆಯವನು. ಹತ್ತು ವರ್ಷಗಳಿಂದ ನಾಣ್ಯ ಸಂಗ್ರಹಿಸುತ್ತಿದ್ದೇನೆ, ಆದರೆ ನನ್ನ ಬಳಿ ಇರುವುದೆಲ್ಲ ಮೈಸೂರು ಸೀಮೆಯ ತಾಮ್ರದ ಕಾಸುಗಳು ಮತ್ತು ಬ್ರಿಟಿಷರ ಕಾಲದ ಪೈಸೆಗಳು. ಮ್ಯಾಂಚೆಸ್ಟರ್‌ನಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ ಕಳೆದ ತಿಂಗಳು ಊರಿಗೆ ಬಂದಿದ್ದಾಗ, ಅಲ್ಲಿಯ ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡ ಒಂದು ತಾಮ್ರದ ಬಿಲ್ಲೆಯನ್ನು "ಮಾವ, ಇದು ನಿಮಗೇ" ಎಂದು ಕೈಯಲ್ಲಿಟ್ಟು ಹೋದ. ಅದು ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಅಗಲವಾಗಿದೆ, ಅಂಗೈಯಲ್ಲಿಟ್ಟರೆ ತೂಕ ಚೆನ್ನಾಗಿ ತಿಳಿಯುತ್ತದೆ. ಒಂದು ಬದಿಯಲ್ಲಿ ಗಡ್ಡದ ಮುದುಕನ ತಲೆ ಇದೆ. ಮಳೆಗಾಲದಲ್ಲಿ ನಮ್ಮವರು ಕಂಬಳಿ ಕೊಪ್ಪೆ ಹೊದ್ದ ಹಾಗೆಯೇ ಅವನ ತಲೆಯ ಮೇಲೆ ಬಟ್ಟೆ ಇಳಿಬಿದ್ದಿದೆ, ಸುತ್ತಲೂ ಎಲೆಗಳ ಮಾಲೆ ಇದೆ, ಅಕ್ಷರ ಒಂದೂ ಇಲ್ಲ. ಇನ್ನೊಂದು ಬದಿಯಲ್ಲಿ ಬಳ್ಳಿಯಂತೆ ಹೆಣೆದುಕೊಂಡ ಕೆಲವು ಇಂಗ್ಲಿಷ್ ಅಕ್ಷರಗಳೂ 1787 ಎಂಬ ಇಸವಿಯೂ ಇವೆ. ಅವುಗಳ ಸುತ್ತ "ಇದನ್ನು ತಂದವರಿಗೆ ಒಂದು ಪೆನ್ನಿ ಕೊಡುವುದಾಗಿ ನಾವು ಮಾತು ಕೊಡುತ್ತೇವೆ" ಎಂಬ ಅರ್ಥದ ಇಂಗ್ಲಿಷ್ ಬರಹವಿದೆ.

ಇದೇ ನನಗೆ ಒಗಟಾಗಿದೆ. ಇಂಗ್ಲೆಂಡಿನ ರಾಜನ ಮುಖವಾಗಲಿ ಹೆಸರಾಗಲಿ ಎಲ್ಲಿಯೂ ಇಲ್ಲ. ಇದೇ ಕಾಲದಲ್ಲಿ ನಮ್ಮ ಪಕ್ಕದ ನಗರ ಎಂಬ ಊರಿನ ಟಂಕಸಾಲೆಯಲ್ಲಿ ಟಿಪ್ಪು ಸುಲ್ತಾನ್ ಹಾಕಿಸಿದ ಆನೆಯ ಕಾಸು ನನ್ನ ಬಳಿ ಇದೆ. ಅದರಲ್ಲಿಯೂ ದೊರೆಯ ಮುಖವಿಲ್ಲ, ಆದರೆ ಅದು ದೊರೆಯ ಟಂಕಸಾಲೆಯದೇ ಎಂಬುದಕ್ಕೆ ಊರಿನ ಹೆಸರಿದೆ. ಇದರಲ್ಲಿ "ನಾವು" ಎಂದು ಮಾತು ಕೊಟ್ಟವರು ಯಾರು? ಪೆನ್ನಿಯೆಂದೇ ತೋರುವ ವಸ್ತುವೊಂದು "ಪೆನ್ನಿ ಕೊಡುತ್ತೇನೆ" ಎಂದು ಏಕೆ ಹೇಳಬೇಕು? ಸರ್ಕಾರದ್ದಲ್ಲದ ಈ ತುಂಡನ್ನು ಜನ ಹಣವೆಂದು ತೆಗೆದುಕೊಂಡರೆ? ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಬಿಲ್ಲೆಗೆ ಅಲ್ಲಲ್ಲಿ ಕಿಲುಬು ಹಿಡಿದಿದೆ. ನನ್ನ ಹೆಂಡತಿ ಹುಣಸೆಹಣ್ಣು ಹಚ್ಚಿ ಬೆಳಗಿ ಕೊಡುತ್ತೇನೆ ಎನ್ನುತ್ತಿದ್ದಾಳೆ, ಅದನ್ನೂ ಕೇಳಿಯೇ ಮಾಡೋಣವೆಂದು ತಡೆದಿದ್ದೇನೆ.

ಟಂಕಸಾಲೆ ಅವರ ಉತ್ತರ:

ಮೊದಲು ಕೊನೆಯ ಮಾತಿಗೆ ಉತ್ತರಿಸುತ್ತೇನೆ: ದಯವಿಟ್ಟು ಹುಣಸೆಹಣ್ಣು ಮುಟ್ಟಿಸಬೇಡಿ. ಇನ್ನೂರು ವರ್ಷಗಳಲ್ಲಿ ತಾಮ್ರದ ಮೇಲೆ ಕೂತ ಕಂದುಬಣ್ಣದ ಪದರವೇ ಅದರ ರಕ್ಷೆ. ಹುಳಿ ಹಚ್ಚಿ ತಿಕ್ಕಿದರೆ ಬಿಲ್ಲೆ ಪೂಜೆಯ ಚೊಂಬಿನಂತೆ ಹೊಳೆಯುತ್ತದೆ, ಆದರೆ ಸಣ್ಣ ಗೆರೆಗಳು ಅಳಿಸಿಹೋಗುತ್ತವೆ ಮತ್ತು ಹೋದ ಪದರ ಮತ್ತೆ ಬರುವುದಿಲ್ಲ.

ತಮ್ಮ ಕೈಗೆ ಬಂದಿರುವುದು ಪ್ಯಾರಿಸ್ ಗಣಿ ಕಂಪನಿಯ ಪೆನ್ನಿ ಟೋಕನ್. ಫ್ರಾನ್ಸಿನ ಪ್ಯಾರಿಸ್ ಅಲ್ಲ, ವೇಲ್ಸ್ ನಾಡಿನ ಉತ್ತರದಲ್ಲಿರುವ ಆಂಗ್ಲ್‌ಸಿ ದ್ವೀಪದ ಒಂದು ಗುಡ್ಡಕ್ಕೆ ಆ ಹೆಸರು. ಹೆಣೆದುಕೊಂಡಿರುವ ಅಕ್ಷರಗಳು ಆ ಕಂಪನಿಯ ಹೆಸರಿನ ಮೊದಲಕ್ಷರಗಳು. ಕೊಪ್ಪೆ ಹೊದ್ದ ಮುದುಕ ಡ್ರೂಯಿಡ್, ಎಂದರೆ ಆ ದ್ವೀಪದ ಪ್ರಾಚೀನ ಪುರೋಹಿತ. ಸುತ್ತ ಇರುವುದು ಓಕ್ ಮರದ ಎಲೆಕಾಯಿಗಳ ಮಾಲೆ. ಆ ಗುಡ್ಡದಲ್ಲಿ 1768ರಲ್ಲಿ ದೊಡ್ಡ ತಾಮ್ರದ ನಿಕ್ಷೇಪ ಸಿಕ್ಕಿತು, ಮುಂದೆ ಅದು ಯುರೋಪಿನಲ್ಲಿಯೇ ಹೆಸರಾದ ಗಣಿಯಾಯಿತು. ಅದನ್ನು ನಡೆಸಿದ ಥಾಮಸ್ ವಿಲಿಯಮ್ಸ್ ವೃತ್ತಿಯಿಂದ ವಕೀಲ. ಹಡಗುಗಳ ತಳಕ್ಕೆ ಹೊದಿಸುವ ತಾಮ್ರದ ತಗಡನ್ನು ನೌಕಾಪಡೆಗೆ ಮಾರಿ ಅವನು "ತಾಮ್ರದ ದೊರೆ" ಎನಿಸಿಕೊಂಡಿದ್ದ.

ತಾವು ಕೇಳಿದ ನಿಜವಾದ ಪ್ರಶ್ನೆ, ಗಣಿಯವನಿಗೆ ನಾಣ್ಯದ ಉಸಾಬರಿ ಏಕೆ ಎಂಬುದು. ಆ ಕಾಲದ ಇಂಗ್ಲೆಂಡಿನಲ್ಲಿ ಚಿನ್ನದ ಗಿನಿ ಸಿಗುತ್ತಿತ್ತು, ಆದರೆ ಒಂದು ಗಿನಿ ಎಂದರೆ 21 ಶಿಲಿಂಗ್, ಅಂದರೆ 252 ಪೆನ್ನಿ. ಬೆಳ್ಳಿಗೆ ರಾಜನ ಟಂಕಸಾಲೆ ಕೊಡುತ್ತಿದ್ದ ಬೆಲೆ ಕಡಿಮೆಯಾದ್ದರಿಂದ ಬೆಳ್ಳಿ ಅತ್ತ ಬರದೆ ಹೊರದೇಶಕ್ಕೆ ಹರಿದುಹೋಗುತ್ತಿತ್ತು. ತಾಮ್ರದ ನಾಣ್ಯ ಹಾಕುವುದನ್ನು ಟಂಕಸಾಲೆ 1775ರಲ್ಲಿ ನಿಲ್ಲಿಸಿಬಿಟ್ಟಿತ್ತು. ಅಲ್ಲಿನ ಅಧಿಕಾರಿಗಳಿಗೆ ತಾಮ್ರವೆಂದರೆ ಕೈಹೊಲಸು ಮಾಡಿಕೊಳ್ಳುವ ಕೆಲಸ; ನಾಣ್ಯವೆಂದರೆ ಚಿನ್ನ ಬೆಳ್ಳಿ ಎಂಬುದೇ ಅವರ ಭಾವನೆ. ಇತ್ತ ಅದೇ ವರ್ಷಗಳಲ್ಲಿ ಗಿರಣಿ, ಗಣಿ, ಕುಲುಮೆಗಳು ಏಳುತ್ತಿದ್ದವು. ಹೊಲದಲ್ಲಿ ದುಡಿದವನಿಗೆ ಕಾಳು, ಊಟ, ಬಿಡಾರ ಕೊಟ್ಟು ಲೆಕ್ಕ ಮುಗಿಸಬಹುದಿತ್ತು. ಗಣಿಯಲ್ಲಿ ದುಡಿದವನಿಗೆ ವಾರ ವಾರ ಬಟವಾಡೆ ಆಗಲೇಬೇಕು, ಅದೂ ಬಿಡಿ ಕಾಸಿನಲ್ಲಿ. ಪ್ಯಾರಿಸ್ ಗುಡ್ಡದಲ್ಲಿ ಅದಿರು ಕುಟ್ಟುತ್ತಿದ್ದವರಲ್ಲಿ ಹೆಂಗಸರೇ ಒಂದು ದೊಡ್ಡ ಪಡೆ. ಒಂದು ಕೈಗೆ ಕಬ್ಬಿಣದ ಪಟ್ಟಿ ಕಟ್ಟಿದ ಗವಸು ಹಾಕಿ ಕಲ್ಲು ಹಿಡಿದುಕೊಂಡು, ಇನ್ನೊಂದು ಕೈಯ ಸುತ್ತಿಗೆಯಿಂದ ದಿನವಿಡೀ ಒಡೆಯುತ್ತಿದ್ದ ಅವರ ಕೂಲಿ ದಿನಕ್ಕೆ ಕೆಲವೇ ಪೆನ್ನಿ. ಅವರಿಗೆ ಗಿನಿಯನ್ನು ಮುರಿದು ಹಂಚಲು ಬರುವುದಿಲ್ಲ. ಮಾಲೀಕರು ಹತ್ತಾರು ಜನರಿಗೆ ಸೇರಿಸಿ ಒಂದು ನೋಟು ಕೊಟ್ಟು ಹೆಂಡದಂಗಡಿಯಲ್ಲಿ ಮುರಿಸಿಕೊಳ್ಳಿ ಎನ್ನುತ್ತಿದ್ದರು. ಇಲ್ಲವೆ ಕೆಲವರಿಗೆ ಬೆಳಿಗ್ಗೆ ಕೂಲಿ ಕೊಟ್ಟು, ಅವರು ಖರ್ಚು ಮಾಡಿದ ಕಾಸು ಅಂಗಡಿಗಳಿಂದ ತಿರುಗಿ ಬಂದ ಮೇಲೆ ಮಿಕ್ಕವರಿಗೆ ಕೊಡುತ್ತಿದ್ದರು.

ಈ ಖಾಲಿ ಜಾಗವನ್ನು ಮೊದಲು ತುಂಬಿದವರು ಖೋಟಾ ನಾಣ್ಯದವರು. 1787ರಲ್ಲಿ ಟಂಕಸಾಲೆಯೇ ಚಲಾವಣೆಯಲ್ಲಿದ್ದ ತಾಮ್ರದ ಕಾಸುಗಳನ್ನು ತರಿಸಿ ನೋಡಿದಾಗ, ರಾಜನ ನಾಣ್ಯವೆನ್ನಲು ತಕ್ಕಮಟ್ಟಿಗೆ ಒಪ್ಪುವಂಥವು ನೂರಕ್ಕೆ 8 ಮಾತ್ರ ಇದ್ದವು. ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಕಾರ್ಖಾನೆಯ ಮ್ಯಾಥ್ಯೂ ಬೋಲ್ಟನ್ 1789ರಲ್ಲಿ ಸರ್ಕಾರದ ಮಂತ್ರಿ ಲಾರ್ಡ್ ಹಾಕ್ಸ್‌ಬರಿಗೆ ಬರೆದ ಪತ್ರದಲ್ಲಿ, ಸುಂಕದಕಟ್ಟೆಗಳಲ್ಲಿ ತನಗೆ ಬರುವ ಚಿಲ್ಲರೆಯ ಮೂರರಲ್ಲಿ ಎರಡು ಪಾಲು ಖೋಟಾ ಎಂದು ಹೇಳುತ್ತಾನೆ. ಕೆಳದರ್ಜೆಯ ಕಾರ್ಖಾನೆದಾರರು 20 ಶಿಲಿಂಗ್ ಕೊಟ್ಟು 36 ಶಿಲಿಂಗ್ ಮುಖಬೆಲೆಯ ಖೋಟಾ ತಾಮ್ರ ಕೊಂಡು ಅದನ್ನೇ ಕೂಲಿಯಾಗಿ ಬಡವರ ಕೈಗೆ ಹಾಕುತ್ತಿದ್ದಾರೆ ಎಂದೂ ಅದೇ ಪತ್ರದಲ್ಲಿದೆ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನಷ್ಟದ ಪೂರ್ತಿ ಭಾರ ಬಿದ್ದದ್ದು ಆ ಕಾಸನ್ನು ಬೇಡವೆನ್ನಲು ಶಕ್ತಿಯಿಲ್ಲದವರ ಮೇಲೆ.

ಇಂಥ ಹೊತ್ತಿನಲ್ಲಿ, 1787ರಲ್ಲಿ, ವಿಲಿಯಮ್ಸ್ ತನ್ನದೇ ತಾಮ್ರದಲ್ಲಿ ತನ್ನದೇ ಬಿಲ್ಲೆ ಹಾಕಿಸಿದ. ರಾಜನ ಟಂಕಸಾಲೆ ಒಂದು ಪೌಂಡು ತೂಕದ ತಾಮ್ರದಿಂದ 23 ಪೆನ್ನಿ ಬೆಲೆಯ ನಾಣ್ಯ ತೆಗೆಯುತ್ತಿತ್ತು. ವಿಲಿಯಮ್ಸ್ ಅಷ್ಟೇ ತಾಮ್ರದಿಂದ 16 ಪೆನ್ನಿ ಮಾತ್ರ ತೆಗೆದ. ಅಂದರೆ ಖಾಸಗಿಯವನ ಪೆನ್ನಿಯಲ್ಲಿ ರಾಜನ ಪೆನ್ನಿ ಲೆಕ್ಕಕ್ಕಿಂತ ಹೆಚ್ಚು ಲೋಹವಿತ್ತು, ಒಂದೊಂದೂ ಒಂದು ಔನ್ಸ್. ರಾಜನ ಮುಖವನ್ನು ಅನುಕರಿಸದ ಕಾರಣ ಅದು ಖೋಟಾ ನಾಣ್ಯದ ಅಪರಾಧಕ್ಕೂ ಒಳಪಡಲಿಲ್ಲ. ಅದೇ ವರ್ಷ ಕಬ್ಬಿಣದ ಕುಲುಮೆಗಳ ಒಡೆಯ ಜಾನ್ ವಿಲ್ಕಿನ್ಸನ್ ಅರ್ಧ ಪೆನ್ನಿಯ ಬಿಲ್ಲೆ ಹೊರಡಿಸಿ, ರಾಜನ ಮುಖ ಇರುವ ಜಾಗದಲ್ಲಿ ತನ್ನ ಮುಖವನ್ನೇ ಹಾಕಿಸಿದ.

ಇನ್ನು "ಪೆನ್ನಿಯೇ ಪೆನ್ನಿ ಕೊಡುತ್ತೇನೆ ಎನ್ನುವುದೇಕೆ" ಎಂಬ ತಮ್ಮ ಪ್ರಶ್ನೆಯಲ್ಲಿಯೇ ಇಡೀ ವಿಷಯದ ಬೀಗದ ಕೈ ಇದೆ. ಟಂಕಸಾಲೆ ಹಿಂದೆ ತಾಮ್ರ ಹಾಕುತ್ತಿದ್ದಾಗಲೂ ಲಂಡನ್ನಿನ ತನ್ನ ಬಾಗಿಲಲ್ಲಿ ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು. ದೂರದ ಊರುಗಳಿಗೆ ಸಾಗಿಸುವ ಹೊಣೆ ಅದರದಲ್ಲ. ಅದಕ್ಕಿಂತ ಮುಖ್ಯವಾಗಿ, ಒಮ್ಮೆ ಕೊಟ್ಟ ತಾಮ್ರವನ್ನು ಅದು ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಹೀಗಾಗಿ ಒಂದು ಊರಿನಲ್ಲಿ ಕೂಲಿ ಕೊಡಲು ಕಾಸಿಲ್ಲ, ಇನ್ನೊಂದು ಊರಿನ ಅಂಗಡಿಯವನ ಬಳಿ ಯಾರಿಗೂ ಬೇಡವಾದ ಕಾಸಿನ ಮೂಟೆ. ಆ ಅಂಗಡಿಯವನಿಗೆ ವಿಲಿಯಮ್ಸ್‌ನ ಬಿಲ್ಲೆ ಬೇಕಾದದ್ದು ಅದರ ತಾಮ್ರಕ್ಕಾಗಿ ಅಲ್ಲ, ಮೂಟೆ ಕಟ್ಟಿ ತಂದರೆ ಚಿನ್ನವನ್ನೋ ಬೆಳ್ಳಿಯನ್ನೋ ಎಣಿಸಿಕೊಡುವವನೊಬ್ಬ ಇದ್ದಾನೆ ಎಂಬ ಕಾರಣಕ್ಕೆ.

ಆ ಮಾತು ಬರೆದಿರುವುದು ಬಿಲ್ಲೆಯ ಮುಖದಲ್ಲಿ ಮಾತ್ರವಲ್ಲ. ದಯವಿಟ್ಟು ಅದನ್ನು ಬೆರಳಲ್ಲಿ ಓರೆಯಾಗಿ ಹಿಡಿದು ಅಂಚನ್ನು ನೋಡಿ, ಹಾಗೆಯೇ ಪರಿಚಯದ ಚಿನಿವಾರರ ಅಂಗಡಿಯಲ್ಲಿ ತೂಗಿಸಿ. ಈ ಡ್ರೂಯಿಡ್ ಬಿಲ್ಲೆಗಳಿಗೂ ಆಗಲೇ ಖೋಟಾಗಳು ಹುಟ್ಟಿದ್ದವು, ಅವು ಸಾಮಾನ್ಯವಾಗಿ ಹಗುರ.

ತುಂಗಾತೀರ:

ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಸಂಜೆಯೇ ತೂಗಿಸಿದೆ, 27.6 ಗ್ರಾಂ ಬಂತು. ಒಂದು ಔನ್ಸ್ ಎಂದರೆ 28.35 ಗ್ರಾಂ, ಆದ್ದರಿಂದ ಸವಕಳಿ ಬಿಟ್ಟರೆ ಸರಿಯಾಗಿಯೇ ಇದೆ ಎಂದುಕೊಳ್ಳುತ್ತೇನೆ. ಅಂಚಿನಲ್ಲಿ ಅಕ್ಷರಗಳು ಇರುವುದು ನಿಜ, ನಾನು ಇಷ್ಟು ದಿನ ಅದನ್ನು ಬರೀ ಕಚ್ಚುಗಳೆಂದು ತಿಳಿದಿದ್ದೆ. ಭೂತಗನ್ನಡಿ ಹಿಡಿದು ಬಿಲ್ಲೆಯನ್ನು ನಿಧಾನವಾಗಿ ತಿರುಗಿಸುತ್ತ ಒಂದೊಂದೇ ಅಕ್ಷರ ಬರೆದುಕೊಂಡೆ. "ಕೇಳಿದ ಕೂಡಲೇ, ಲಂಡನ್, ಲಿವರ್‌ಪೂಲ್ ಅಥವಾ ಆಂಗ್ಲ್‌ಸಿಯಲ್ಲಿ" ಎಂದು ಅದರ ಅರ್ಥ. ಎರಡು ಅಕ್ಷರಗಳು ಪೂರ್ತಿ ಸವೆದಿವೆ.

ಆದರೂ ಒಂದು ಸಂಶಯ ಉಳಿಯಿತು. ಗಣಿಯ ಪಕ್ಕದ ಅಂಗಡಿಯವನು ನಂಬಿದ್ದು ಅರ್ಥವಾಗುತ್ತದೆ. ಗಣಿಯನ್ನು ಕಣ್ಣಿಂದ ಕಾಣದ ದೂರದ ಊರಿನವರು ಏಕೆ ನಂಬಿದರು?

ಗಲ್ಲಾಪೆಟ್ಟಿಗೆ ಅವರ ಉತ್ತರ:

ನಾನು ಇತಿಹಾಸ ಓದಿದವನಲ್ಲ, ಆದರೆ ತಮ್ಮ ಕೊನೆಯ ಪ್ರಶ್ನೆಗೆ ನನ್ನ ಅನುಭವದಿಂದ ಒಂದು ಮಾತು ಹೇಳಬಲ್ಲೆ. ನಮ್ಮ ತಂದೆಯವರು ತಾಲ್ಲೂಕು ಕೇಂದ್ರವೊಂದರಲ್ಲಿ ಬಸ್ ನಿಲ್ದಾಣದ ಎದುರು ಕಾಫಿ ತಿಂಡಿಯ ಹೋಟೆಲ್ ನಡೆಸುತ್ತಿದ್ದರು, ನಾನು ಕಾಲೇಜು ಮುಗಿಸಿ ಗಲ್ಲಾದಲ್ಲಿ ಕೂರುತ್ತಿದ್ದೆ. ಸುಮಾರು 2006ರ ಹೊತ್ತಿಗೆ ಒಂದು ರೂಪಾಯಿ ನಾಣ್ಯ ಸಿಗುವುದೇ ಕಷ್ಟವಾಗಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದರು, ದಿನಸಿ ಅಂಗಡಿಯವರು ಚಾಕೊಲೇಟು ಕೊಟ್ಟು ಕಳಿಸುತ್ತಿದ್ದರು. ಗಿರಾಕಿ ತನಗೆ ಬೇಡದ ಚಾಕೊಲೇಟನ್ನು ಬಾಯಿಮುಚ್ಚಿಕೊಂಡು ತೆಗೆದುಕೊಳ್ಳಬೇಕಾಗುವುದು ತಂದೆಯವರಿಗೆ ಸರಿಬರಲಿಲ್ಲ. "ನಾವು ಚಾಕೊಲೇಟು ಕೊಟ್ಟರೆ ಅದೇ ಚಾಕೊಲೇಟು ತಂದು ನಾಳೆ ಕಾಫಿ ಕೇಳಿದರೆ ನಾವು ಕೊಡುತ್ತೇವೆಯೆ?" ಎಂದು ಅವರು ಕೇಳಿದ್ದು ನನಗೆ ಇಂದಿಗೂ ನೆನಪಿದೆ.

ಅವರು ಪ್ರೆಸ್ಸಿನಲ್ಲಿ ಹಳದಿ ರಟ್ಟಿನ ಚೀಟಿ ಮಾಡಿಸಿದರು. ಬಸ್ ಟಿಕೆಟ್ಟಿನ ಅರ್ಧದಷ್ಟಿತ್ತು, "ಒಂದು ರೂಪಾಯಿ" ಎಂದಷ್ಟೇ ಅಚ್ಚಾಗಿತ್ತು. ಹಿಂದೆ ಹೋಟೆಲಿನ ಮೊಹರು, ಅದರ ಮೇಲೆ ಹಸಿರು ಶಾಯಿಯಲ್ಲಿ ತಂದೆಯವರ ಚಿಕ್ಕ ರುಜು. ನಮ್ಮಲ್ಲಿಗೆ ಮರಳಿ ಬಂದಾಗ ಬಿಲ್ಲಿನಲ್ಲಿ ಕಳೆದುಕೊಳ್ಳಲೆಂದು ಮಾಡಿದ್ದು ಅಷ್ಟೇ. ಆದರೆ ತಿಂಗಳೊಪ್ಪತ್ತಿನಲ್ಲಿ ಎದುರಿನ ಹೂವಿನವರು, ಪತ್ರಿಕೆ ಮಾರುವವರು, ಸೈಕಲ್ ಸ್ಟ್ಯಾಂಡಿನವರು ಎಲ್ಲರೂ ಅದನ್ನು ತೆಗೆದುಕೊಳ್ಳತೊಡಗಿದರು. ನಾವು ಯಾರಿಗೂ ಹೇಳಿರಲಿಲ್ಲ. ಹೂವಿನ ಅಮ್ಮ ಪ್ರತಿ ಶನಿವಾರ ಚೀಟಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ತಂದು ಗಲ್ಲಾದ ಮೇಲೆ ಇಡುತ್ತಿದ್ದರು. ತಂದೆಯವರು ಎಷ್ಟೇ ಗಿರಾಕಿಗಳಿದ್ದರೂ ಅವರನ್ನು ನಿಲ್ಲಿಸದೆ ಎಣಿಸಿ ನೋಟು ಕೊಟ್ಟು ಕಳುಹಿಸುತ್ತಿದ್ದರು. ಒಮ್ಮೆ ನಾನು "ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಎಂದದ್ದಕ್ಕೆ ನನ್ನನ್ನು ಎಲ್ಲರೆದುರು ಗದರಿದರು. ಅಂದು ನನಗೆ ಸಿಟ್ಟು ಬಂದಿತ್ತು. ಆಂಗ್ಲ್‌ಸಿಯ ಬಿಲ್ಲೆಯ ಅಂಚಿನಲ್ಲಿರುವ "ಕೇಳಿದ ಕೂಡಲೇ" ಎಂಬ ಮಾತನ್ನು ತಾವು ಬರೆದಾಗ ಆ ಗದರಿಕೆಯ ಅರ್ಥ ಪೂರ್ತಿ ಹೊಳೆಯಿತು. ದೂರದವನು ನಂಬುವುದು ಹೋಟೆಲನ್ನಲ್ಲ, ಕಳೆದ ಶನಿವಾರ ಹೂವಿನ ಅಮ್ಮನಿಗೆ ದುಡ್ಡು ಸಿಕ್ಕಿದ್ದನ್ನು. ಆಕೆ ತೆಗೆದುಕೊಂಡರೆ ಆಕೆಗೆ ಬಾಳೆನಾರು ಮಾರುವವನೂ ತೆಗೆದುಕೊಳ್ಳುತ್ತಾನೆ.

ಎಂಟು ತಿಂಗಳಾದ ಮೇಲೆ ಯಾರೋ ಚೀಟಿಗಳನ್ನು ಬಣ್ಣದ ಜೆರಾಕ್ಸ್ ಮಾಡಿಸಿ ತಂದರು. ರಟ್ಟು ತೆಳುವಾಗಿತ್ತು, ಒದ್ದೆ ಬೆರಳು ತಾಗಿಸಿದರೆ ಹಸಿರು ಶಾಯಿ ಹರಡಲಿಲ್ಲ, ಹಾಗಾಗಿ ಸಿಕ್ಕಿಬಿದ್ದವು. ತಂದೆಯವರು ಅಂದೇ ಹೊಸ ಚೀಟಿ ಕೊಡುವುದನ್ನು ನಿಲ್ಲಿಸಿ, ಇದ್ದವನ್ನು ಮರಳಿಸಬೇಕೆಂದು ಬೋರ್ಡು ಬರೆಸಿದರು. ಕೊಟ್ಟವುಗಳ ಲೆಕ್ಕ ಅವರ ಪುಸ್ತಕದಲ್ಲಿತ್ತು, ಅದರ ಪ್ರಕಾರ 43 ಚೀಟಿಗಳು ಬರಲೇ ಇಲ್ಲ. ಆ 43 ರೂಪಾಯಿಯನ್ನು ಅವರು ಒಂದು ಡಬ್ಬಿಯಲ್ಲಿ ಬೇರೆಯಾಗಿಯೇ ಇಟ್ಟಿದ್ದರು. ಎರಡು ವರ್ಷದ ನಂತರವೂ ಒಬ್ಬರು ಸೀರೆಯ ಗಂಟಿನಲ್ಲಿ ಸಿಕ್ಕಿತೆಂದು ನಾಲ್ಕು ಚೀಟಿ ತಂದಾಗ ಆ ಡಬ್ಬಿಯಿಂದಲೇ ತೆಗೆದುಕೊಟ್ಟದ್ದನ್ನು ನಾನು ಕಂಡಿದ್ದೇನೆ.

ಬಿಡಿಗಾಸು ಅವರ ಉತ್ತರ:

ಗಲ್ಲಾಪೆಟ್ಟಿಗೆಯವರ ತಂದೆಯವರ ಬಗ್ಗೆ ಓದಿ ಗೌರವ ಮೂಡಿತು. ಆದರೆ ಎಲ್ಲ ಬಿಲ್ಲೆಗಳ ಹಿಂದೆಯೂ ಅಂಥ ಡಬ್ಬಿ ಇತ್ತೆಂದು ಯಾರೂ ಭಾವಿಸಬಾರದು ಎಂಬ ಕಾರಣಕ್ಕೆ ಮುಂದಿನ ಕಥೆಯನ್ನೂ ಬರೆಯಬೇಕೆನಿಸಿತು.

ವಿಲಿಯಮ್ಸ್ ಮತ್ತು ವಿಲ್ಕಿನ್ಸನ್ ದಾರಿ ತೋರಿಸಿದ ಮೇಲೆ ಐದಾರು ವರ್ಷಗಳಲ್ಲಿ ಬಿಲ್ಲೆಗಳ ಹುಚ್ಚು ಊರೂರಿಗೆ ಹರಡಿತು. ಬಟ್ಟೆ ವ್ಯಾಪಾರಿ, ಚಹಾ ವ್ಯಾಪಾರಿ, ಪುಸ್ತಕದಂಗಡಿಯವನು, ಎಲ್ಲರೂ ಹಾಕಿಸಿದರು. ಕವೆಂಟ್ರಿ ಊರಿನ 1792ರ ಅರ್ಧ ಪೆನ್ನಿಯ ಮೇಲೆ ಕುದುರೆಯೇರಿದ, ದಂತಕಥೆಯ ಲೇಡಿ ಗೊಡೈವಾ ಇದ್ದಾಳೆ, ನನ್ನ ಕಣ್ಣಿಗೆ ಇವುಗಳಲ್ಲೆಲ್ಲ ಅದೇ ಚೆಂದ. ಲಂಡನ್ನಿನ ಪುಸ್ತಕ ವ್ಯಾಪಾರಿ ಲ್ಯಾಕಿಂಗ್ಟನ್ ತನ್ನ ಬಿಲ್ಲೆಯನ್ನು ಜಾಹೀರಾತಾಗಿಯೂ ಬಳಸಿಕೊಂಡ. ಥಾಮಸ್ ಸ್ಪೆನ್ಸ್ ಎಂಬಾತ ಭೂಮಿ ಎಲ್ಲರದಾಗಬೇಕೆಂಬ ತನ್ನ ರಾಜಕೀಯವನ್ನೇ ತಾಮ್ರದ ಮೇಲೆ ಅಚ್ಚೊತ್ತಿಸಿದ. ಇವನ್ನು ಇಂದು ಕಾಂಡರ್ ಟೋಕನ್ ಎಂದು ಕರೆಯುವುದು ಇಪ್ಸ್‌ವಿಚ್ ಊರಿನ ಜೇಮ್ಸ್ ಕಾಂಡರ್ ಎಂಬ ಬಟ್ಟೆ ವ್ಯಾಪಾರಿಯಿಂದಾಗಿ. ಅವನು ಬಿಲ್ಲೆಗಳನ್ನು ಸಂಗ್ರಹಿಸಿ 1798ರಲ್ಲಿ ಅವುಗಳ ಪಟ್ಟಿಯನ್ನು ಪ್ರಕಟಿಸಿದ.

ಆದರೆ ಈ ಅಬ್ಬರದ ನಡುವೆ ಹೆಸರಿಲ್ಲದ ಬಿಲ್ಲೆಗಳೂ ರಾಶಿರಾಶಿಯಾಗಿ ಹೊರಬಂದವು. ಯಾರು ಕೊಟ್ಟರು, ಎಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ ಎಂಬ ಸುಳಿವಿಲ್ಲ, ತೂಕವೂ ಕಡಿಮೆ. ಒಂದರ ಮುಖಕ್ಕೆ ಇನ್ನೊಂದರ ಹಿಂಬದಿ ಸೇರಿಸಿ ಸಂಗ್ರಾಹಕರಿಗೆಂದೇ ಹೊಡೆದವು ಬೇರೆ. ಆದ್ದರಿಂದ ಇವನ್ನು ಕೊಳ್ಳುವಾಗ ನಾನು ಚಿತ್ರಕ್ಕಿಂತ ಮೊದಲು ಹುಡುಕುವುದು, ಹಣ ಕೊಡುವ ಊರು ಮತ್ತು ಹೆಸರು ಅದರ ಮೇಲೆ ಇದೆಯೆ ಎಂಬುದನ್ನು. ತುಂಗಾತೀರ ಅವರ ಬಿಲ್ಲೆಯಲ್ಲಿ ಮೂರು ಊರುಗಳಿವೆ, ಅವುಗಳಲ್ಲಿ ಒಂದು ರಾಜಧಾನಿ, ಇನ್ನೊಂದು ದೊಡ್ಡ ಬಂದರು. ದೂರದವರು ಏಕೆ ನಂಬಿದರು ಎಂಬುದಕ್ಕೆ ಹೂವಿನ ಅಮ್ಮನ ಜೊತೆಗೆ ಇದೂ ಒಂದು ಉತ್ತರ. ಗಣಿ ದೂರವಿದ್ದರೂ ಹಣ ಕೊಡುವ ಬಾಗಿಲು ದೂರವಿರಲಿಲ್ಲ.

ಸರ್ಕಾರ ಕಣ್ಣು ತೆರೆದದ್ದು 1797ರಲ್ಲಿ. ಅದೂ ತನ್ನ ಟಂಕಸಾಲೆಯಿಂದಲ್ಲ. ಮೇಲೆ ಹೇಳಿದ ಬೋಲ್ಟನ್‌ನಿಗೇ ಗುತ್ತಿಗೆ ಕೊಟ್ಟು, ಸೋಹೋದ ಹಬೆಯಂತ್ರಗಳಲ್ಲಿ ಪೆನ್ನಿ ಮತ್ತು ಎರಡು ಪೆನ್ನಿಗಳನ್ನು ಹೊಡೆಸಿತು. ಪೆನ್ನಿ ಒಂದು ಔನ್ಸ್, ಎರಡು ಪೆನ್ನಿ ಎರಡು ಔನ್ಸ್. ದಪ್ಪ ಅಂಚಿನಿಂದಾಗಿ ಜನ ಅವನ್ನು ಗಾಡಿಚಕ್ರ ಎಂದರು, ಅಂಗಡಿಯವರು ತಕ್ಕಡಿಗೆ ಬಟ್ಟಾಗಿಯೂ ಬಳಸಿದರು. ಗಮನಿಸಿ, ಪೌಂಡಿಗೆ 16 ಪೆನ್ನಿ ಎಂಬ ಲೆಕ್ಕ ವಿಲಿಯಮ್ಸ್ ಹತ್ತು ವರ್ಷ ಮುಂಚೆ ಹಿಡಿದ ಲೆಕ್ಕವೇ. ತಾಮ್ರದ ಬೆಲೆ ಏರಿದಾಗ ಇವು ಕರಗಿಸುವವರ ಪಾಲಾದದ್ದು ಬೇರೆ ವಿಷಯ.

ಫ್ರೆಂಚರೊಡನೆ ಯುದ್ಧ ನಡೆಯುತ್ತಿದ್ದಾಗ ಮತ್ತೆ ಚಿಲ್ಲರೆ ಬತ್ತಿ, 1811 ಮತ್ತು 1812ರಲ್ಲಿ ಎರಡನೆಯ ಸುತ್ತಿನ ಬಿಲ್ಲೆಗಳು ಬಂದವು. ಈ ಸಲ ಬೆಳ್ಳಿಯವೂ ಇದ್ದವು. ಕೊನೆಗೆ 1817ರ ಕಾಯಿದೆ ತಾಮ್ರದ ಬಿಲ್ಲೆಗಳನ್ನು ನಿಷೇಧಿಸಿತು. ಬಡವರಿಗೆ ಆಸರೆ ಕೊಟ್ಟು ದುಡಿಸಿಕೊಳ್ಳುತ್ತಿದ್ದ ಬರ್ಮಿಂಗ್‌ಹ್ಯಾಮ್‌ನ ದುಡಿಮೆಮನೆಯವರು ಹೊರಡಿಸಿದವಕ್ಕೆ 1820ರವರೆಗೆ, ಶೆಫೀಲ್ಡಿನ ಬಡವರ ಪಾಲಕರು ಹೊರಡಿಸಿದವಕ್ಕೆ 1823ರವರೆಗೆ ಗಡುವು ಸಿಕ್ಕಿತು. ಮಿಕ್ಕವನ್ನು ಹಿಡಿದುಕೊಂಡಿದ್ದವರಿಗೆ ಅಷ್ಟು ಕಾಲ ಸಿಗಲಿಲ್ಲ. ಹೆಸರಿಲ್ಲದ ಬಿಲ್ಲೆ ಕೈಯಲ್ಲಿದ್ದವನಿಗೆ ಕಾಯಿದೆಯಿಂದಲೂ ಪ್ರಯೋಜನವಿಲ್ಲ, ಅವನು ಯಾರ ಬಾಗಿಲು ತಟ್ಟಬೇಕು?

ಕರಾರುಪತ್ರ ಅವರ ಉತ್ತರ:

ಇದನ್ನು ಓದಿ ಯಾರಾದರೂ ಇಂದು ತಮ್ಮ ಅಂಗಡಿಗೆ ಹಿತ್ತಾಳೆಯ ಬಿಲ್ಲೆ ಮಾಡಿಸಲು ಹೊರಟಾರೆಂಬ ಭಯದಿಂದ ಕಾನೂನಿನ ಮಾತನ್ನು ಸೇರಿಸುತ್ತೇನೆ. ಹಣವಾಗಿ ಬಳಸಲೆಂದು ಖಾಸಗಿಯವರು ಲೋಹದ ತುಂಡುಗಳನ್ನು ಮಾಡುವುದನ್ನು ನಮ್ಮ ದೇಶದಲ್ಲಿ 1889ರ ಲೋಹದ ಟೋಕನ್‌ಗಳ ಕಾಯಿದೆಯೇ ತಡೆದಿತ್ತು. 2011ರ ನಾಣ್ಯ ಕಾಯಿದೆ ಬಂದಾಗ ಆ ಹಳೆಯ ಕಾಯಿದೆ ರದ್ದಾಯಿತು, ಆದರೆ ಆ ತಡೆ ಹೊಸ ಕಾಯಿದೆಯೊಳಗೇ ಸೇರಿಕೊಂಡಿತು. ಕಾಗದದ ಮಟ್ಟಿಗೆ 1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 31ನೆಯ ಸೆಕ್ಷನ್ ಇದೆ. ತಂದವರಿಗೆ, ಕೇಳಿದ ಕೂಡಲೇ ಹಣ ಕೊಡುತ್ತೇನೆ ಎಂಬ ಪತ್ರವನ್ನು ರಿಸರ್ವ್ ಬ್ಯಾಂಕ್ ಅಥವಾ ಆ ಕಾಯಿದೆ ಅಧಿಕಾರ ಕೊಟ್ಟಲ್ಲಿ ಕೇಂದ್ರ ಸರ್ಕಾರ ಬಿಟ್ಟು ಬೇರೆ ಯಾರೂ ಹೊರಡಿಸುವಂತಿಲ್ಲ. ವ್ಯಾಪಾರಿಗಳ ಹಣದ ಪತ್ರವಾದ ಹುಂಡಿಯ ಹೆಸರೂ ಆ ಸೆಕ್ಷನ್ನಿನಲ್ಲಿ ಬರುತ್ತದೆ. ಡ್ರೂಯಿಡ್ ಬಿಲ್ಲೆಯ ಮುಖದ ಮಾತು ಮತ್ತು ಅಂಚಿನ ಮಾತು, ಎರಡನ್ನೂ ಕೂಡಿಸಿದರೆ ನಮ್ಮ ಕಾಯಿದೆ ಬೇಡವೆನ್ನುವ ವಾಕ್ಯವೇ ಆಗುತ್ತದೆ. ತಂದವರಿಗೆ ಕೊಡುತ್ತೇನೆಂಬ ಆ ವಾಕ್ಯ ಈಗ ನಮ್ಮ ನೋಟುಗಳ ಮೇಲೆ ಗವರ್ನರ್ ಅವರ ರುಜುವಿನೊಡನೆ ಇದೆ. ಒಂದು ರೂಪಾಯಿ ನೋಟಿನಲ್ಲಿ ಮಾತ್ರ ಅದು ಇರುವುದಿಲ್ಲ, ಏಕೆಂದರೆ ಅದು ಕೇಂದ್ರ ಸರ್ಕಾರದ್ದು, ಹಣಕಾಸು ಕಾರ್ಯದರ್ಶಿಯ ರುಜು ಇರುವ, ನಾಣ್ಯಕ್ಕೆ ಸಮನಾದ ನೋಟು.

ಬಿಲ್ಲಿನಲ್ಲಿ ಕಳೆಯಲು ಕೊಟ್ಟ ಚೀಟಿ ಒಂದು, ಬೀದಿಯಲ್ಲಿ ಕೈಯಿಂದ ಕೈಗೆ ಹಣವಾಗಿ ಹೋಗುವ ಚೀಟಿ ಇನ್ನೊಂದು. ಗಲ್ಲಾಪೆಟ್ಟಿಗೆಯವರ ತಂದೆಯವರು ಸರಿಯಾದ ಹೊತ್ತಿಗೆ ನಿಲ್ಲಿಸಿದರು ಎಂದೇ ನನ್ನ ಅಭಿಪ್ರಾಯ.

ಟಂಕಸಾಲೆ:

ಬಿಡಿಗಾಸು ಅವರು ಸೋಹೋದ ವಿಷಯ ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ಅಲ್ಲಿಂದ ನಮ್ಮ ಕಡೆಗೊಂದು ದಾರಿ ಇದೆ. ಬೋಲ್ಟನ್ ಟೋಕನ್‌ಗಳನ್ನು ಹೊಡೆಯುತ್ತಿದ್ದ ಆ ಕಾರ್ಖಾನೆಯೇ ಈಸ್ಟ್ ಇಂಡಿಯಾ ಕಂಪನಿಗೂ ತಾಮ್ರದ ಕಾಸು ಹೊಡೆದು ಹಡಗಿನಲ್ಲಿ ಕಳುಹಿಸುತ್ತಿತ್ತು. ಮದರಾಸು ಪ್ರಾಂತ್ಯಕ್ಕೆಂದು ಹೊಡೆದ 1803 ಮತ್ತು 1808ರ ಹತ್ತು ಕಾಸು, ಇಪ್ಪತ್ತು ಕಾಸಿನ ನಾಣ್ಯಗಳು ಸೋಹೋದವೇ. ಅವುಗಳನ್ನು ಹೊತ್ತು ಹೊರಟ ಅಡ್ಮಿರಲ್ ಗಾರ್ಡ್ನರ್ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್ವಿನ್ ಮರಳುದಿಬ್ಬದಲ್ಲಿ ಮುಳುಗಿತು. ಆ ಕಾಸುಗಳು ಬಹುಕಾಲದ ನಂತರ ಸಮುದ್ರದಿಂದ ಮೇಲೆ ಬಂದು ಈಗ ಸಂಗ್ರಾಹಕರ ಕೈಯಲ್ಲಿವೆ. ತುಂಗಾತೀರ ಅವರ ಡಬ್ಬಿಯಲ್ಲಿ ಸಿಂಹ ಕಿರೀಟಗಳ ಗುರುತಿರುವ ಕಂಪನಿಯ ಕಾಸು ಇದ್ದರೆ ಇಸವಿ ನೋಡಿ.

ಅವರು ಆರಂಭದಲ್ಲಿ ಹೇಳಿದ ಆನೆಯ ಕಾಸಿನ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನ ಟಂಕಸಾಲೆ ತಾಮ್ರವನ್ನು ಕೈಬಿಟ್ಟಿದ್ದ ಅದೇ ವರ್ಷಗಳಲ್ಲಿ ಶ್ರೀರಂಗಪಟ್ಟಣ, ನಗರ ಮೊದಲಾದ ಕಡೆ ಟಿಪ್ಪುವಿನ ಟಂಕಸಾಲೆಗಳು ಎರಡು ಪೈಸೆಯಿಂದ ಹಿಡಿದು ಪೈಸೆಯ ಎಂಟನೆಯ ಒಂದು ಭಾಗದವರೆಗೆ ಐದು ಬಗೆಯ ತಾಮ್ರದ ನಾಣ್ಯಗಳನ್ನು ಹೊಡೆಯುತ್ತಿದ್ದವು. ಎರಡು ಪೈಸೆಯಿಂದ ಪೈಸೆಯ ಎಂಟರಲ್ಲೊಂದು ಭಾಗದವರೆಗೆ ಬಿಡಿ ಹಣ ಬೇಕೆಂದು ಒಬ್ಬ ದೊರೆಗೆ ತೋಚಿತ್ತು, ಇನ್ನೊಬ್ಬನ ಅಧಿಕಾರಿಗಳಿಗೆ ತೋಚಲಿಲ್ಲ. ಅಲ್ಲಿ ಗಣಿಯ ವಕೀಲನೊಬ್ಬ ಮುಂದೆ ಬರಬೇಕಾಯಿತು.

ತುಂಗಾತೀರ:

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನನ್ನ ಡಬ್ಬಿ ತೆಗೆದು ನೋಡಿದೆ, 1808ರ ಇಪ್ಪತ್ತು ಕಾಸಿನದೊಂದು ಇದೆ. ಇಷ್ಟು ವರ್ಷ ಅದನ್ನು ಮದರಾಸಿನಲ್ಲಿ ಹೊಡೆದದ್ದೆಂದೇ ತಿಳಿದು ಚೀಟಿಯಲ್ಲಿಯೂ ಹಾಗೆಯೇ ಬರೆದಿದ್ದೆ, ಇವತ್ತು ತಿದ್ದಿದೆ.

ಡ್ರೂಯಿಡ್ ಬಿಲ್ಲೆಯನ್ನು ತೊಳೆಯಲಿಲ್ಲ. ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒರೆಸಿ, ನಗರದ ಆನೆಯ ಕಾಸು ಮತ್ತು ಈ ಇಪ್ಪತ್ತು ಕಾಸಿನ ಜೊತೆಯಲ್ಲಿಯೇ ಇಟ್ಟಿದ್ದೇನೆ. ಅಂಚಿನ ಬರಹ ಮರೆಯಾಗದಂತೆ ಅದನ್ನು ಮಲಗಿಸದೆ ನಿಲ್ಲಿಸಿ ಇಡಲು ರಟ್ಟಿನಲ್ಲಿ ಒಂದು ಸೀಳು ಮಾಡಿದ್ದೇನೆ. ಅಕ್ಕನ ಮಗನಿಗೆ ಫೋನು ಮಾಡಿ ವಿಷಯ ತಿಳಿಸಿದಾಗ, ಮುಂದಿನ ರಜೆಯಲ್ಲಿ ಆಂಗ್ಲ್‌ಸಿಗೆ ಹೋಗಿ ಆ ಗುಡ್ಡದ ಫೋಟೋ ಕಳುಹಿಸುತ್ತೇನೆ ಎಂದಿದ್ದಾನೆ. ಬಂದರೆ ಇಲ್ಲಿಯೇ ಹಾಕುತ್ತೇನೆ.